ಹರ್ಮನ್ ಮೋಗ್ಲಿಂಗ್

ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಜನಿಸಿದ ಹರ್ಮನ್ ಮೋಗ್ಲಿಂಗರು ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸಮಾಡಿದರು. ಸ್ವದೇಶದಲ್ಲಿಯೇ ನೆಮ್ಮದಿಯ ಪಾದ್ರಿಯಾಗಿ ಬಾಳುವ ಮಾರ್ಗವು ಅವರಿಗೆ ತೆರೆದಿದ್ದಿತು. ಅದನ್ನು ತೊರೆದು, 1836ರಲ್ಲಿ ಬಾಸೆಲ್ ಮಿಷನ್ನಿನ ಸೇವೆಗೆಂದು ಮಂಗಳೂರಿಗೆ ಬಂದರು. ಮಣ್ಣಿಗೆ ಬಿದ್ದ ಗೋಧಿಯ ಕಾಳು ತಾನಳಿದು ತೆನೆಯಾಗುವಂತೆ, ಪರರಿಗಾಗಿ ಬಾಳನ್ನು ತೆತ್ತವನು ನಿತ್ಯಜೀವವನ್ನು ಪಡೆಯುವನೆಂಬುದು ಯೇಸುಕ್ರಿಸ್ತನ ಬೋಧೆ. ಮೋಗ್ಲಿಂಗರಿಗೆ ಅದು ಕೇವಲ ಪ್ರವಚನದ ವಿಷಯವಾಗಿರಲಿಲ್ಲ.

ಜನರಿಗೆ ಬೋಧಿಸಬೇಕಾದರೆ ಮೊದಲು ಅವರಿಂದ ಕಲಿಯಬೇಕೆಂದು ಅವರು ಅರಿತಿದ್ದರು. ಕನ್ನಡವನ್ನು ಕಲಿತು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯದು. ಕಲ್ಲಚ್ಚಿನಲ್ಲಿ ಮೂಡುತ್ತಿದ್ದ ಈ ಪತ್ರಿಕೆಯು ಮರುವರ್ಷ ಬಳ್ಳಾರಿಗೆ ಹೋಗಿ, ಅಲ್ಲಿ ಮೊಳೆಯಚ್ಚಿನಲ್ಲಿ ‘ಕಂನಡ ಸಮಾಚಾರ’ವಾಯಿತು. ಬಸವಪುರಾಣ, ಜೈಮಿನಿಭಾರತಗಳನ್ನೂ ಹಂಪೆಯಲ್ಲಿ ಬಾಳಿದ ಪುರಂದರದಾಸರೇ ಮೊದಲಾದವರ ಪದಗಳನ್ನೂ ಅವರು ಅಚ್ಚಿಗೆ ತಂದರು. ಪರಮತದ ಗ್ರಂಥಗಳಿಗಾಗಿ ಪಾದ್ರಿಯೊಬ್ಬರು ಇಷ್ಟು ಶ್ರಮಿಸುವುದು ಸಾಮಾನ್ಯವಲ್ಲ.

ಹದಿನಾರು ವರ್ಷಗಳ ದುಡಿಮೆಯಿಂದ ಅವರ ದೇಹವು ಜರ್ಜರಿತವಾಯಿತು. 1852ರಲ್ಲಿ ಅವರು ಸ್ವದೇಶಕ್ಕೆ ಮರಳಲು ಸಿದ್ಧರಾದರು. ಆಗ ಕೊಡಗಿನಿಂದ ಅಳಮಂಡ ಸೋಮಯ್ಯನೆಂಬ ಸಂನ್ಯಾಸಿಯು ಕ್ರೈಸ್ತಮತವನ್ನು ಅರಸಿಕೊಂಡು ಮಂಗಳೂರಿಗೆ ಬಂದನು. ಕೊಡಗಿನಲ್ಲಿ ಮಿಷನ್ನಿನ ನೆಲೆಯಿರಲಿಲ್ಲ. ಮೋಗ್ಲಿಂಗರ ಕೈಯಲ್ಲಿ ಬಲವೂ ಉಳಿದಿರಲಿಲ್ಲ. ಹಡಗು ಹತ್ತಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಅವರು ಪ್ರಯಾಣವನ್ನು ಬಿಟ್ಟು, ಸ್ವಂತ ಹೊಣೆಯ ಮೇಲೆ ಕೊಡಗಿಗೆ ನಡೆದರು.

ಸೋಮಯ್ಯನ ಹಿಂದೆ ಕೊಡವರು ಗುಂಪಾಗಿ ಬರಲಿಲ್ಲ. ಬಂದವರು ಗದ್ದೆಗಳಲ್ಲಿ ಜೀತಕ್ಕಿದ್ದ, ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕೂಲಿಕಾರರು. ಇವರಿಗಾಗಿ ಮೋಗ್ಲಿಂಗರು ಆನಂದಪುರವೆಂಬ ಹಳ್ಳಿಯನ್ನು ಕಟ್ಟಿದರು. ಯಜಮಾನರ ಭೂಮಿಯಲ್ಲಿ ಸವೆಯುತ್ತಿದ್ದವರು ಅಲ್ಲಿ ತಮ್ಮ ಗುಡಿಸಲು, ತಮ್ಮ ಬೆಳೆ ಎನ್ನುವಂತಾದರು. ಅದೇ ಕಾಲದಲ್ಲಿ, 1858ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರ ಕನ್ನಡ ಸೇವೆಯನ್ನು ಮೆಚ್ಚಿ ಡಾಕ್ಟರ್ ಪದವಿಯನ್ನಿತ್ತಿತು. ಬೆವರು ಹರಿಸಿದ ಕೊಡಗಿಗಿಂತ ಕನ್ನಡದ ಗ್ರಂಥಗಳೇ ಅವರಿಗೆ ಹೆಚ್ಚು ಕೀರ್ತಿ ತಂದವು. ಅದನ್ನು ಅವರು ಬಯಸಿ ಬಂದಿರಲಿಲ್ಲ.

ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಭಾರತವನ್ನು ಬಿಡಬೇಕಾಯಿತು. ಮತ್ತೆ ಬರಲಾಗಲಿಲ್ಲ. 1881ರಲ್ಲಿ ಎಸ್ಲಿಂಗನ್ ಎಂಬಲ್ಲಿ ತೀರಿಕೊಂಡರು. ಅವರ ಪತ್ರಿಕೆಯು ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತಿದೆ.