ಭರತಪುರದ ಎಮ್ಮೆಗಳು ಮತ್ತು ಸಲೀಂ ಅಲಿ

ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಸಲೀಂ ಅಲಿಯವರ ಒತ್ತಾಸೆಯಿಂದ ಎಂಬುದು ಕನ್ನಡಿಗರಿಗೆ ತಿಳಿದದ್ದೇ. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ತಾವೇ ಏರ್‌ಗನ್ನಿನಿಂದ ಹೊಡೆದುರುಳಿಸಿದ ಹಳದಿ ಕತ್ತಿನ ಗುಬ್ಬಿಯೊಂದು ಅವರನ್ನು ಹಕ್ಕಿಗಳ ಲೋಕಕ್ಕೆ ಎಳೆದು ತಂದಿತು.

ರಂಗನತಿಟ್ಟಿನಲ್ಲಿ ತೋರಿದ ಕಾಳಜಿಯನ್ನೇ ಅವರು ರಾಜಸ್ಥಾನದ ಭರತಪುರದ ಜೌಗುಭೂಮಿಯ ಬಗೆಗೂ ತೋರಿದರು. 1938ರಲ್ಲಿ ಒಂದೇ ದಿನದ ರಾಜಬೇಟೆಗೆ 4,273 ಹಕ್ಕಿಗಳು ಬಲಿಯಾದ ತಾಣವದು. ಸ್ವಾತಂತ್ರ್ಯಾನಂತರ ಅದನ್ನು ಒಣಗಿಸಿ ಹೊಲವಾಗಿಸುವ ಒತ್ತಡ ಬಂದಾಗ ಅವರು ಅಡ್ಡ ನಿಂತರು. ಮುಂದೆ, ಅಲ್ಲಿ ಎಮ್ಮೆಗಳನ್ನು ಮೇಯಿಸುವುದೂ ಹಕ್ಕಿಗಳಿಗೆ ಮಾರಕವೆಂದು ನಂಬಿ ನಿಷೇಧವನ್ನು ಬೆಂಬಲಿಸಿದರು. 1982ರಲ್ಲಿ ನಿಷೇಧ ಜಾರಿಯಾಯಿತು. ಪ್ರತಿಭಟಿಸಿದ ಗ್ರಾಮಸ್ಥರ ಮೇಲೆ ಗೋಲಿಬಾರ್ ನಡೆದು ಸಾವುಗಳೂ ಸಂಭವಿಸಿದವು.

ಎಮ್ಮೆಗಳು ತೆರಳಿದ ಮೇಲೆ ಪಾಸ್ಪಲಂ ಎಂಬ ಜೌಗುಹುಲ್ಲು ಹಬ್ಬಿ ನೀರನ್ನೇ ಮುಚ್ಚಿತು. ಬಾತುಗಳಿಗೆ ತೆರೆದ ನೀರು ಕಿರಿದಾಯಿತು. ಹುಲ್ಲನ್ನು ಹತೋಟಿಯಲ್ಲಿಟ್ಟಿದ್ದುದು ಎಮ್ಮೆಗಳೇ ಎಂದು ಸಾಬೀತುಪಡಿಸಿದ್ದು ಬೇರಾರೂ ಅಲ್ಲ, ಅವರೇ ಕಟ್ಟಿ ಬೆಳೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದಶಕದ ಅಧ್ಯಯನ. ಅದು ಪೂರ್ಣಗೊಳ್ಳುವ ಮುನ್ನವೇ, 1987ರಲ್ಲಿ, ಸಲೀಂ ಅಲಿ ನಿಧನರಾದರು. ಹಕ್ಕಿಗಳನ್ನು ಉಳಿಸುವಾಗ ನೆರೆಯ ಹಳ್ಳಿಗಳನ್ನೂ ಅವುಗಳ ಜಾನುವಾರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಭರತಪುರ ಕಲಿಸಿದ ಪಾಠ.