ಗೊಮ್ಮಟಸ್ವಾಮಿಯನ್ನು ಬೆಟ್ಟಕ್ಕೇರಿಸಿದ ವೀರಪಾಂಡ್ಯ ಭೈರರಸ

ಕಾರ್ಕಳದ ಬಂಡೆ ಬೆಟ್ಟದ ತುದಿಯಲ್ಲಿ ನಿಂತಿರುವ ಭಗವಾನ್ ಶ್ರೀ ಬಾಹುಬಲಿ ಸ್ವಾಮಿಯ ಎತ್ತರ ಸುಮಾರು 42 ಅಡಿ. ಕರ್ನಾಟಕದ ಹಳೆಯ ಗೊಮ್ಮಟ ಮೂರ್ತಿಗಳಲ್ಲಿ ಶ್ರವಣಬೆಳಗೊಳದ್ದು ಬಿಟ್ಟರೆ ಇದೇ ದೊಡ್ಡದು. ಕಲ್ಲಿನ ಮೆಟ್ಟಿಲು ಹತ್ತಿ ಬಂದ ಭಕ್ತಾದಿಗಳು ಕೈಮುಗಿದು, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಳುವ ಪ್ರಶ್ನೆ ಒಂದೇ. ಬರಿಗೈಯಲ್ಲಿ ಹತ್ತುವುದೇ ಇಷ್ಟು ಕಷ್ಟ, ಇಂಥ ಮಹಾಮೂರ್ತಿಯನ್ನು ಮೇಲೆ ತಂದದ್ದು ಹೇಗೆ ಅಂತ. ಈ ಪ್ರಶ್ನೆಗೆ ಉತ್ತರ ವೀರಪಾಂಡ್ಯ ಭೈರರಸನ ಚರಿತ್ರೆಯಲ್ಲಿದೆ.

ಅರಸನೂ ಗುರುವೂ

ವೀರಪಾಂಡ್ಯನು ಕಳಸ–ಕಾರ್ಕಳದ ಭೈರರಸ ಮನೆತನದವನು. ಘಟ್ಟದ ಮೇಲಿನ ಕಳಸ, ಘಟ್ಟದ ಕೆಳಗಿನ ಕಾರ್ಕಳ ಎರಡೂ ಈ ಮನೆತನದ ಆಳ್ವಿಕೆಯಲ್ಲಿದ್ದವು. ತಂದೆ ಭೈರವೇಂದ್ರ, ಸೋಮವಂಶದವನೆಂದು ಶಾಸನದಲ್ಲಿದೆ. ರಾಮನಾಥ ಎಂಬ ರಾಜಕುಮಾರನ ನೆನಪು ಕಾರ್ಕಳದ ರಾಮಸಮುದ್ರ ಕೆರೆಯ ಹೆಸರಿನಲ್ಲಿ ಉಳಿದಿದೆ. ಆತ ಅಕಾಲದಲ್ಲಿ ತೀರಿಕೊಂಡದ್ದರಿಂದ ವೀರಪಾಂಡ್ಯನಿಗೆ ಪಟ್ಟ ಬಂತೆಂದು ಈ ಊರಿನ ಪ್ರತೀತಿ.

ವೀರಪಾಂಡ್ಯನಿಗೆ ಗುರುಗಳು ದೇಶೀಗಣದ, ಪನಸೋಗೆ ಪರಂಪರೆಯ ಲಲಿತಕೀರ್ತಿ ಮುನಿಗಳು. ಕಾರ್ಕಳದ ಜೈನ ಮಠದ ಭಟ್ಟಾರಕರು ಮುಂದೆಯೂ ಇದೇ ಹೆಸರನ್ನು ಧರಿಸುತ್ತಾ ಬಂದರು. ಬಾಹುಬಲಿಯ ಮೂರ್ತಿಯನ್ನು ಮಾಡಿಸೆಂದು ಅರಸನಿಗೆ ಉಪದೇಶ ಕೊಟ್ಟವರು ಇವರೇ ಎಂಬುದು ಮೂರ್ತಿಯ ಬಳಿಯ ಶಾಸನದಿಂದ ತಿಳಿಯುತ್ತದೆ.

ಬೆಳಗೊಳಕ್ಕೂ ಕಾರ್ಕಳಕ್ಕೂ ಇರುವ ವ್ಯತ್ಯಾಸ

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಮೂರ್ತಿಯನ್ನು ಬೆಟ್ಟದ ತುದಿಯ ಬಂಡೆಯಲ್ಲೇ ಕಡೆಯಿಸಿದ. ಅಲ್ಲಿ ಸ್ವಾಮಿ ನಿಂತ ಜಾಗ ಬಿಟ್ಟು ಕದಲಲಿಲ್ಲ. ಕಾರ್ಕಳದ ಮೂರ್ತಿ ಹಾಗಲ್ಲ. ಕಲ್ಲು ಬೇರೆ ಕಡೆಯದು. ಅಲ್ಲೇ ಕಡೆದು, ಆಮೇಲೆ ಬೆಟ್ಟಕ್ಕೆ ಸಾಗಿಸಿ ನಿಲ್ಲಿಸಿದ್ದು. ತೂಕ 80 ಟನ್ನಿನಷ್ಟು ಇರಬಹುದೆಂದು ಅಂದಾಜು.

ಕರಿಕಲ್ಲು ಗಟ್ಟಿ ನಿಜ. ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ. ಆದರೆ ಬಾಗುವ ಗುಣ ಅದಕ್ಕಿಲ್ಲ. ಉದ್ದದ ಕಲ್ಲನ್ನು ಮಲಗಿಸಿ ಸಾಗಿಸುವಾಗ ಒಂದು ಕಡೆ ಆಸರೆ ತಪ್ಪಿದರೆ ನಡುವೆ ಬಿರುಕು ಬಿಡುತ್ತದೆ. ಕುತ್ತಿಗೆ, ಇಳಿಬಿಟ್ಟ ಕೈಗಳು, ಕಾಲ ಗಂಟು, ಮೈಗೆ ಹಬ್ಬಿದ ಬಳ್ಳಿ, ಇವೆಲ್ಲ ಒಂದೇ ಏಟಿಗೆ ಹೋಗುವ ಜಾಗಗಳು. ಭಿನ್ನವಾದ ಬಿಂಬಕ್ಕೆ ಪ್ರತಿಷ್ಠೆ ಇಲ್ಲ. ದಾರಿಯಲ್ಲಿ ಒಂದು ಬೆರಳು ಮುರಿದರೂ ವರ್ಷಗಟ್ಟಲೆ ಉಳಿ ಹಿಡಿದವರ ಶ್ರಮ, ಭಂಡಾರದ ಹಣ, ಗುರುವಿಗೆ ಕೊಟ್ಟ ಮಾತು ಎಲ್ಲಾ ಮಣ್ಣುಪಾಲಾಗುತ್ತಿತ್ತು. ಅರಸನ ನಿಜವಾದ ಪರೀಕ್ಷೆ ನಡೆದದ್ದು ಈ ದಾರಿಯಲ್ಲಿ.

ಸ್ವಾಮಿ ಬೆಟ್ಟವೇರಿದ ಬಗೆ

17ನೇ ಶತಮಾನದ ಚಂದ್ರಮ ಕವಿ ಕಾರ್ಕಳದ ಗೊಮ್ಮಟೇಶ್ವರನ ಚರಿತೆಯನ್ನೇ ಕಾವ್ಯವಾಗಿ ಬರೆದಿದ್ದಾನೆ. ಅದರ ಜೊತೆಗೆ ಊರವರ ಬಾಯಲ್ಲೂ ಕಥೆ ಹರಿದು ಬಂದಿದೆ. ಇಪ್ಪತ್ತು ಗಾಲಿಯ ಒಂದು ಬಂಡಿ ಅಂತ ಕೆಲವರು ಹೇಳುತ್ತಾರೆ, ಇಪ್ಪತ್ತು ಕಬ್ಬಿಣದ ಬಂಡಿಗಳ ಸಾಲು ಅಂತ ಇನ್ನು ಕೆಲವರು. ಬಂಡಿಯ ಮೇಲೆ ಹತ್ತಿಯನ್ನು ರಾಶಿ ರಾಶಿ ಹಾಸಿ ಅದರ ಮೇಲೆ ಸ್ವಾಮಿಯನ್ನು ಮಲಗಿಸಿದರಂತೆ. ಬಂಡಿ ಹೊರಡುವ ಮುಂಚೆ ವಿಘ್ನ ಬಾರದಿರಲೆಂದು ಒಂದೊಂದು ಗಾಲಿಗೂ ಹತ್ತು ಸಾವಿರ ತೆಂಗಿನಕಾಯಿ ಒಡೆದರಂತೆ. ಬೆಟ್ಟದ ಬುಡದಿಂದ ತುದಿಯ ತನಕ ಇಳಿಜಾರಾದ ದಾರಿ ಕಟ್ಟಿ, ಸಾವಿರಾರು ಶ್ರಾವಕರೂ ಊರ ಜನರೂ ಹಗ್ಗ ಹಿಡಿದು ಎಳೆದರಂತೆ.

ತೆಂಗಿನಕಾಯಿಯ ಲೆಕ್ಕ ಭಕ್ತಿಯ ಲೆಕ್ಕ. ಉಳಿದದ್ದರಲ್ಲಿ ಕೆಲಸ ಬಲ್ಲವರ ಜಾಣ್ಮೆ ಇದೆ. ಗಾಲಿಗಳು ಹೆಚ್ಚಿದಷ್ಟೂ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ, ನೆಲ ಕುಸಿಯುವುದಿಲ್ಲ. ಹತ್ತಿಯ ಹಾಸಿಗೆ ಮೂರ್ತಿಯ ತಗ್ಗುಉಬ್ಬುಗಳಿಗೆ ಕೂಡಿಕೊಳ್ಳುತ್ತದೆ. ಭಾರ ಒಂದೇ ಕಡೆ ಕೂರುವುದಿಲ್ಲ, ಬಂಡಿಯ ಕುಲುಕು ಕಲ್ಲಿಗೆ ತಟ್ಟುವುದಿಲ್ಲ. ನೆಟ್ಟಗೆ ಎತ್ತಲಾಗದ ಭಾರವನ್ನು ಉದ್ದದ ಇಳಿಜಾರಿನ ಮೇಲೆ ನಿಧಾನವಾಗಿ ಎಳೆದು ಏರಿಸಬಹುದು. ಮಳೆಗಾಲದಲ್ಲಿ ತುಳುನಾಡಿನ ಮಣ್ಣು ಹೇಗೆ ಕರಗುತ್ತದೆಂದು ಇಲ್ಲಿಯವರಿಗೆ ಗೊತ್ತು. ಇಂಥ ದಾರಿ ಬೇಸಿಗೆಯಲ್ಲಷ್ಟೇ ನಿಲ್ಲುತ್ತದೆ.

ಮಲಗಿ ಬಂದ ಸ್ವಾಮಿಯನ್ನು ಮೇಲೆ ಎತ್ತಿ ನಿಲ್ಲಿಸಿದ ಬಳಿಕವೂ ಚಪ್ಪರ ಕಟ್ಟಿ ಕಡೆಯ ಕೆತ್ತನೆ ಮುಗಿಸಿದರೆಂದು ಹೇಳಿಕೆ ಇದೆ.

ಪ್ರತಿಷ್ಠೆ

ಶಕ ವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಅಂದರೆ 1432ರ ಫೆಬ್ರವರಿ 13. ಅಂದು ವೀರಪಾಂಡ್ಯನ ಸಂಕಲ್ಪ ಕೈಗೂಡಿತು. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆ. ಆತನೂ ಪ್ರತಿಷ್ಠೆಗೆ ಬಂದಿದ್ದನೆಂಬ ಪ್ರತೀತಿ ಇದೆ. ಸ್ವಾಮಿಯ ಎದುರಿಗಿರುವ ಬ್ರಹ್ಮದೇವರ ಕಂಬವನ್ನು ಅರಸನು ಶಕ 1358ರಲ್ಲಿ ನಿಲ್ಲಿಸಿದ. ದರ್ಶನಕ್ಕೆ ಬಂದವರು ಇದನ್ನು ನೋಡದೆ ಹೋಗಬಾರದು.

ಕಲ್ಕುಡನ ಪಾಡ್ದನ

ಶಾಸನದಲ್ಲಿ ಅರಸನ ಹೆಸರಿದೆ, ಗುರುವಿನ ಹೆಸರಿದೆ. ಕಲ್ಲು ಕಡೆದವನ ಕಥೆ ಬೇಕಾದರೆ ತುಳುನಾಡಿನ ಪಾಡ್ದನ ಕೇಳಬೇಕು. ಶಂಭು ಕಲ್ಕುಡನ ಮಗ ಬೀರ ಕಲ್ಕುಡ ಕಾರ್ಕಳದ ಭೈರವ ಅರಸನಿಗೆ ಗೊಮ್ಮಟನನ್ನು ಕಡೆದುಕೊಟ್ಟನಂತೆ. ಸಾವಿರಾರು ಜನ ಸೇರಿದರೂ ಮೂರ್ತಿಯನ್ನು ನಿಲ್ಲಿಸಲಾಗದೆ ಕಂಗಾಲಾದಾಗ ಕಲ್ಕುಡನೇ ಎಡಗೈ ಕೊಟ್ಟು ಎತ್ತಿ ನಿಲ್ಲಿಸಿದನಂತೆ. ಇಂಥ ಮೂರ್ತಿ ಇನ್ನೊಂದು ಊರಿನಲ್ಲಿ ಆಗಬಾರದೆಂದು ಅರಸನು ಅವನ ಎಡಗೈ, ಬಲಗಾಲು ಕಡಿಸಿದನಂತೆ. ಆದರೂ ಛಲ ಬಿಡದ ಕಲ್ಕುಡ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕಡೆದ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಈ ಅನ್ಯಾಯಕ್ಕೆ ಅರಸನಿಂದ ಉತ್ತರ ಕೇಳಿದರು ಎಂದು ಪಾಡ್ದನ ಹಾಡುತ್ತದೆ.

ವೇಣೂರಿನ 35 ಅಡಿಯ ಮೂರ್ತಿಯನ್ನು ತಿಮ್ಮಣ್ಣ ಅಜಿಲನು ಪ್ರತಿಷ್ಠೆ ಮಾಡಿದ್ದು 1604ರಲ್ಲಿ, ಕಾರ್ಕಳಕ್ಕಿಂತ 172 ವರ್ಷ ತಡವಾಗಿ. ಆದ್ದರಿಂದ ಒಬ್ಬನೇ ಶಿಲ್ಪಿ ಎರಡನ್ನೂ ಕಡೆಯುವುದು ಆಗದ ಮಾತು, ವೀರಪಾಂಡ್ಯನ ಮೇಲೆ ಈ ದೋಷ ಹೊರಿಸಲೂ ಆಗದು. ಆದರೂ ಕಥೆಯನ್ನು ಸುಳ್ಳೆಂದು ತಳ್ಳಿಹಾಕಿದವರಿಲ್ಲ. ಕೀರ್ತಿ ಅರಸನಿಗೆ, ಕಷ್ಟ ಕೆಲಸದವನಿಗೆ ಎಂಬ ನೋವನ್ನು ತುಳುವರು ಇದರಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಕಲ್ಕುಡ–ಕಲ್ಲುರ್ಟಿಯರಿಗೆ ತುಳುನಾಡಿನಲ್ಲಿ ಕೋಲ ನಡೆಯುತ್ತಲೇ ಬಂದಿದೆ.

ಹಾಗೆ ನೋಡಿದರೆ ವೇಣೂರಿನ ಸ್ವಾಮಿಗೂ ದಾರಿಯ ಕಂಟಕ ತಪ್ಪಲಿಲ್ಲ. ಕಲ್ಯಾಣಿ ಎಂಬಲ್ಲಿ ಕಡೆದ ಮೂರ್ತಿಯನ್ನು ತನಗೆ ಕೊಡಬೇಕೆಂದು ಅಂದಿನ ಕಾರ್ಕಳದ ಅರಸು ದಂಡೆತ್ತಿ ಬಂದಾಗ, ಅಜಿಲನು ಅದನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದನೆಂದು ಹೇಳುತ್ತಾರೆ.

ಮುಂದುವರಿದ ಪರಂಪರೆ

ವೀರಪಾಂಡ್ಯನ ವಂಶದ ಇಮ್ಮಡಿ ಭೈರರಸ 1586ರಲ್ಲಿ ಬೆಟ್ಟದ ಎದುರಿಗೆ ಚತುರ್ಮುಖ ಬಸದಿ ಕಟ್ಟಿಸಿದ. ಕಾಲಕ್ರಮದಲ್ಲಿ ರಾಜ್ಯ ಹೋಯಿತು. ಉಳಿ ಹಿಡಿದ ಕೈಗಳ ಕಸುಬು ಮಾತ್ರ ಕಾರ್ಕಳದಲ್ಲಿ ಉಳಿಯಿತು. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಪ್ರಯಾಣ ಬೆಳೆಸಿತು. ಆಗ ಸಾಲು ಸಾಲು ಚಕ್ರಗಳ ಟ್ರಾಲಿ ಇತ್ತು, ಎಂಜಿನ್ನಿನ ಬಲವಿತ್ತು. ಭಾರವನ್ನು ಹತ್ತಾರು ಗಾಲಿಗಳಿಗೆ ಹಂಚುವ ಉಪಾಯ ಮಾತ್ರ ಭೈರರಸನ ಕಾಲದ್ದೇ. 1982ರಲ್ಲಿ ಆ ಸ್ವಾಮಿಗೂ ಬೆಟ್ಟದ ಮೇಲೆ ಪ್ರತಿಷ್ಠೆಯಾಯಿತು.

ಕಾರ್ಕಳದ ಸ್ವಾಮಿಗೆ 2002ರಲ್ಲಿ, ಮತ್ತೆ 2015ರಲ್ಲಿ ಮಹಾಮಸ್ತಕಾಭಿಷೇಕ ನೆರವೇರಿತು. ರಾಜ್ಯವನ್ನು ಗೆದ್ದು ತ್ಯಜಿಸಿದ ಬಾಹುಬಲಿಗೆ ಕಿರೀಟವಿಲ್ಲ, ಸೂರೂ ಇಲ್ಲ. ಬಿಸಿಲು ಮಳೆಯಲ್ಲಿ ಆರು ಶತಮಾನದ ಹತ್ತಿರ ಹಾಗೇ ನಿಂತಿದ್ದಾನೆ. ದರ್ಶನ ಮುಗಿಸಿ ಇಳಿಯುವ ಭಕ್ತಾದಿಗಳು ವೀರಪಾಂಡ್ಯ ಭೈರರಸನನ್ನು ನೆನೆಯಲಿ. ಹೆಸರಿಲ್ಲದೆ ಹಗ್ಗ ಹಿಡಿದು ಎಳೆದ ಸಾವಿರಾರು ಮಂದಿಗೂ ಒಂದು ನಮಸ್ಕಾರ ಸಲ್ಲಲಿ. ಸ್ವಾಮಿಯ ಕೃಪೆ ಸರ್ವರ ಮೇಲಿರಲಿ.