ಕನಸಿನಿಂದ ಶಿಲುಬೆಯ ಕಡೆಗೆ: ಚಿತ್ರಕಾರ ಸಾಲ್ವಡೋರ್ ಡಾಲಿ

ಕನಸು ಕಾಣದ ಮನುಷ್ಯನಿಲ್ಲ. ರಾತ್ರಿ ಕಂಡದ್ದರಲ್ಲಿ ಬಹುಪಾಲನ್ನು ನಾವು ಬೆಳಗಾಗುವಷ್ಟರಲ್ಲಿ ಮರೆತುಬಿಡುತ್ತೇವೆ. ನೆನಪಿನಲ್ಲಿ ಉಳಿದುದನ್ನು ಮನೆಯವರೊಡನೆ ಹೇಳಿಕೊಂಡು, ನಕ್ಕು, ನಮ್ಮ ನಮ್ಮ ಕೆಲಸಗಳಿಗೆ ತೆರಳುತ್ತೇವೆ. ಆದರೆ ತಾನು ಕಂಡ ಕನಸುಗಳನ್ನೇ ಬದುಕಿನ ಬಂಡವಾಳವನ್ನಾಗಿ ಮಾಡಿಕೊಂಡು, ಅವುಗಳನ್ನು ಬಣ್ಣಗಳಲ್ಲಿ ಹಿಡಿದಿಟ್ಟು, ಜಗತ್ತನ್ನೇ ಬೆರಗುಗೊಳಿಸಿದ ಒಬ್ಬ ಚಿತ್ರಕಾರ ಇಪ್ಪತ್ತನೆಯ ಶತಮಾನದಲ್ಲಿ ಆಗಿಹೋದರು. ಅವರೇ ಸ್ಪೇನ್ ದೇಶದ ಸಾಲ್ವಡೋರ್ ಡಾಲಿ. ಮೊದಲು ಪವಿತ್ರ ಹೃದಯದ ಚಿತ್ರವನ್ನೇ ಅಪಹಾಸ್ಯಕ್ಕೆ ಬಳಸಿದ ಕೈ, ಮುಂದೆ ಶಿಲುಬೆಯ ಮೇಲಿನ ಪ್ರಭುವನ್ನು ಭಕ್ತಿ ಹುಟ್ಟುವಂತೆ ಚಿತ್ರಿಸಿದ್ದು ಹೇಗೆ ಎಂಬುದನ್ನು ಈ ವಾರ ನಾವು ಸ್ವಲ್ಪ ವಿವರವಾಗಿ ನೋಡೋಣ.

ಡಾಲಿಯವರು 1904ರ ಮೇ 11ರಂದು ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಫಿಗೆರಸ್ ಪಟ್ಟಣದಲ್ಲಿ ಜನಿಸಿದರು. ಊರಿನ ಸಂತ ಪೇತ್ರರ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಸಾಲ್ವಡೋರ್ ಎಂದರೆ ರಕ್ಷಕ ಎಂದರ್ಥ. ಈ ಹೆಸರು ಅವರಿಗಿಂತ ಮೊದಲು ಅವರ ಅಣ್ಣನದಾಗಿತ್ತು. ಆ ಮಗು ಎರಡು ವರ್ಷವೂ ತುಂಬದೆ, ಇವರು ಹುಟ್ಟುವುದಕ್ಕೆ ಒಂಬತ್ತು ತಿಂಗಳ ಹಿಂದೆ ತೀರಿಕೊಂಡಿತ್ತು. ಸತ್ತ ಅಣ್ಣನ ನೆರಳು ತನ್ನನ್ನು ಬಾಳಿನುದ್ದಕ್ಕೂ ಬಿಡಲಿಲ್ಲವೆಂದು ಡಾಲಿಯವರು ಮುಂದೆ ಹಲವು ಬಾರಿ ಹೇಳಿಕೊಂಡರು. 1963ರಲ್ಲಿ ಆ ಅಣ್ಣನ ಕಲ್ಪಿತ ಭಾವಚಿತ್ರವನ್ನೂ ರಚಿಸಿದರು. ಅವರ ತಂದೆ ನೋಟರಿ ವೃತ್ತಿಯವರು, ಧರ್ಮದಲ್ಲಿ ನಂಬಿಕೆ ಇಲ್ಲದವರು. ತಾಯಿ ಫೆಲಿಪಾ ಅವರಾದರೋ ದೃಢ ವಿಶ್ವಾಸದ ಕಥೋಲಿಕ ಗೃಹಿಣಿ. ಹೀಗೆ ಒಂದೇ ಮನೆಯಲ್ಲಿ ವಿಶ್ವಾಸ ಮತ್ತು ಅವಿಶ್ವಾಸಗಳು ಜೊತೆಜೊತೆಯಾಗಿ ಬಾಳುತ್ತಿದ್ದವು. ಮಗನ ಮನಸ್ಸಿನಲ್ಲಿಯೂ ಈ ಎರಡೂ ಕೊನೆಯವರೆಗೆ ಒಟ್ಟಿಗೇ ನೆಲೆಸಿದವು.

ಬಾಲಕ ಡಾಲಿಯನ್ನು ಕ್ರೈಸ್ತ ಸಹೋದರರು ನಡೆಸುತ್ತಿದ್ದ ಶಾಲೆಗೆ ಸೇರಿಸಲಾಯಿತು. ಆ ಶಾಲೆಯ ಗೋಡೆಯ ಮೇಲೆ ಫ್ರೆಂಚ್ ಚಿತ್ರಕಾರ ಮಿಲೆಯವರ ಸುಪ್ರಸಿದ್ಧ ಚಿತ್ರವೊಂದರ ಪ್ರತಿ ತೂಗುತ್ತಿತ್ತು. ದೂರದ ದೇವಾಲಯದ ಗಂಟೆಯ ದನಿ ಕೇಳಿ, ಕೆಲಸ ನಿಲ್ಲಿಸಿ, ಹೊಲದ ನಡುವೆಯೇ ತಲೆಬಾಗಿ ತ್ರಿಕಾಲ ಪ್ರಾರ್ಥನೆ ಹೇಳುವ ರೈತ ದಂಪತಿಗಳ ಚಿತ್ರವದು. ನಮ್ಮ ಹಿರಿಯರ ಮನೆಗಳಲ್ಲಿಯೂ ಸಂಜೆಯ ಗಂಟೆಗೆ ಇದೇ ಪ್ರಾರ್ಥನೆ ನಡೆಯುತ್ತಿತ್ತಷ್ಟೆ. ಬೇರೆ ಮಕ್ಕಳಿಗೆ ಅದು ಬರಿಯ ಚಿತ್ರವಾಗಿತ್ತು. ಡಾಲಿಯವರಿಗೆ ಮಾತ್ರ ಅದು ಭಯವನ್ನೂ ಆಕರ್ಷಣೆಯನ್ನೂ ಏಕಕಾಲದಲ್ಲಿ ಹುಟ್ಟಿಸುವ ದೃಶ್ಯವಾಯಿತು. ಇಪ್ಪತ್ತು ವರ್ಷಗಳ ನಂತರ, 1930ರ ದಶಕದ ಅವರ ಹಲವು ಚಿತ್ರಗಳಲ್ಲಿ, ಆ ರೈತ ದಂಪತಿಗಳು ಪಾಳುಬಿದ್ದ ಗೋಪುರಗಳಂತೆಯೂ ಬಂಡೆಗಳಂತೆಯೂ ಮತ್ತೆ ಮತ್ತೆ ಕಾಣಿಸಿಕೊಂಡರು. ಬಾಲ್ಯದಲ್ಲಿ ಕಣ್ಣಿಗೆ ಬಿದ್ದದ್ದು ಎಷ್ಟು ಆಳಕ್ಕೆ ಇಳಿದು ಕೂರುತ್ತದೆಂಬುದಕ್ಕೆ ಇದೊಂದು ನಿದರ್ಶನ.

1921ರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಮಗನಿಗೆ ಹದಿನಾರು ವರ್ಷ. ಅದು ತನ್ನ ಬಾಳಿನ ಅತಿ ದೊಡ್ಡ ಆಘಾತವೆಂದು ಅವರು ನೆನೆಯುತ್ತಿದ್ದರು. ಮರುವರ್ಷ ಮ್ಯಾಡ್ರಿಡಿನ ಕಲಾ ಅಕಾಡೆಮಿಗೆ ಸೇರಿದರು. ಅಲ್ಲಿ ಅವರ ಕೈಗೆ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡರು ಕನಸುಗಳ ಅರ್ಥವನ್ನು ಕುರಿತು ಬರೆದ ಗ್ರಂಥ ಬಂತು. ಮನುಷ್ಯ ತನ್ನಿಂದ ತಾನೇ ಬಚ್ಚಿಟ್ಟುಕೊಂಡ ಆಸೆ, ಭಯಗಳು ನಿದ್ದೆಯಲ್ಲಿ ವೇಷ ಮರೆಸಿಕೊಂಡು ಹೊರಬರುತ್ತವೆ ಎಂಬುದು ಫ್ರಾಯ್ಡರ ವಾದದ ಸಾರ. ತರುಣ ಡಾಲಿಯವರು ಅದನ್ನು ಹಸಿದವನು ಅನ್ನ ಉಂಡಂತೆ ಓದಿದರು, ತಮ್ಮ ಕನಸುಗಳನ್ನೆಲ್ಲ ಅದೇ ರೀತಿಯಲ್ಲಿ ಬಿಡಿಸಿ ನೋಡತೊಡಗಿದರು. 1926ರಲ್ಲಿ, ತನ್ನನ್ನು ಪರೀಕ್ಷಿಸುವ ಯೋಗ್ಯತೆ ಅಧ್ಯಾಪಕರಿಗಿಲ್ಲವೆಂದು ಉದ್ಧಟತನ ತೋರಿದ್ದಕ್ಕಾಗಿ ಅಕಾಡೆಮಿಯಿಂದ ಹೊರಹಾಕಲ್ಪಟ್ಟರು.

1929ನೆಯ ಇಸವಿ ಡಾಲಿಯವರ ಬಾಳಿನಲ್ಲಿ ನಿರ್ಣಾಯಕವಾದುದು. ಆ ವರ್ಷ ಅವರು ಗೆಳೆಯ ಲೂಯಿ ಬುನ್ಯುಯೆಲ್ ಅವರ ಜೊತೆಗೂಡಿ ಎರಡು ಕನಸುಗಳಿಂದಲೇ ಒಂದು ಕಿರುಚಲನಚಿತ್ರವನ್ನು ತಯಾರಿಸಿದರು. ಮೋಡವೊಂದು ಚಂದ್ರನನ್ನು ಸೀಳಿದಂತೆ ಕಂಡದ್ದು ಬುನ್ಯುಯೆಲ್ಲರ ಕನಸು. ಅಂಗೈ ತುಂಬ ಇರುವೆಗಳು ಮುತ್ತಿದ್ದು ಡಾಲಿಯವರ ಕನಸು. ಪ್ಯಾರಿಸಿನ ಅತಿವಾಸ್ತವವಾದಿ ಕಲಾವಿದರ ಗುಂಪು ಅವರನ್ನು ತನ್ನೊಳಗೆ ಸೇರಿಸಿಕೊಂಡಿತು. ಬುದ್ಧಿಯ ಹಂಗಿಲ್ಲದೆ, ಕನಸಿನಲ್ಲಿ ಕಂಡಂತೆಯೇ ಬರೆಯಬೇಕು, ಚಿತ್ರಿಸಬೇಕು ಎಂಬುದು ಆ ಗುಂಪಿನ ಧ್ಯೇಯ. ಮುಂದೆ ಅವರ ಪತ್ನಿಯಾದ ಗಾಲಾ ಎಂಬ ರಷ್ಯನ್ ಮಹಿಳೆಯ ಪರಿಚಯವಾದುದೂ ಅದೇ ವರ್ಷ. ಆಕೆ ಆಗ ಕವಿ ಪಾಲ್ ಎಲ್ಯುವಾರರ ಪತ್ನಿಯಾಗಿದ್ದರು.

ಅದೇ ವರ್ಷದ ಕೊನೆಗೆ ಒಂದು ದುಃಖದ ಘಟನೆ ನಡೆಯಿತು. ಪ್ಯಾರಿಸಿನ ಪ್ರದರ್ಶನದಲ್ಲಿ ಡಾಲಿಯವರು ಯೇಸುವಿನ ಪವಿತ್ರ ಹೃದಯದ ಆಕೃತಿಯೊಂದನ್ನು ಇಟ್ಟು, ಅದರ ಮೇಲೆ ಸ್ವಂತ ತಾಯಿಯ ಭಾವಚಿತ್ರವನ್ನು ಅವಮಾನಿಸುವ ಸಾಲೊಂದನ್ನು ಬರೆದಿದ್ದರು. ಪ್ರತಿಯೊಂದು ಕಥೋಲಿಕ ಮನೆಯಲ್ಲಿ ಪೀಠದ ಮೇಲಿಟ್ಟು ದೀಪ ಹಚ್ಚುವ ಚಿತ್ರ ಮತ್ತು ತನ್ನನ್ನು ಹೆತ್ತು, ಪ್ರಾರ್ಥನೆ ಕಲಿಸಿ, ಕಣ್ಮರೆಯಾದ ತಾಯಿ ಇಬ್ಬರನ್ನೂ ಒಮ್ಮೆಗೇ ನೋಯಿಸುವ ಕೃತ್ಯವಾಗಿತ್ತದು. ಸುದ್ದಿ ಪತ್ರಿಕೆಯ ಮೂಲಕ ತಂದೆಗೆ ತಿಳಿಯಿತು. ಧರ್ಮವನ್ನು ನಂಬದ ಆ ತಂದೆಯೂ ಇದನ್ನು ಸಹಿಸಲಿಲ್ಲ, ಮಗನನ್ನು ಮನೆಯಿಂದ ಹೊರಗಟ್ಟಿದರು. ಕನಸಿನಲ್ಲಿ ಬಂದದ್ದನ್ನೆಲ್ಲ ತೂಗಿ ನೋಡದೆ ಹೊರಹಾಕುವುದೇ ಕಲೆ ಎಂದು ನಂಬಿದ್ದ ಯುವಕನಿಗೆ ಅದರ ಬೆಲೆ ಏನೆಂಬುದು ಆಗ ಮೊದಲ ಬಾರಿಗೆ ತಿಳಿಯಿತು. ಮನೆ ಕಳೆದುಕೊಂಡವರು ಪೋರ್ಟ್ ಲಿಗಾತ್ ಎಂಬ ಚಿಕ್ಕ ಕೊಲ್ಲಿಯ ದಡದಲ್ಲಿ ಬೆಸ್ತರ ಗುಡಿಸಲೊಂದನ್ನು ಕೊಂಡು ಗಾಲಾ ಅವರೊಂದಿಗೆ ನೆಲೆಸಿದರು.

ಡಾಲಿಯವರ ಅತಿ ಪ್ರಸಿದ್ಧ ಚಿತ್ರ ಹುಟ್ಟಿದ್ದು 1931ರಲ್ಲಿ. ಕರಗಿ ಜೋತುಬಿದ್ದ ಗಡಿಯಾರಗಳ ಆ ಚಿತ್ರವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಒಂದು ರಾತ್ರಿ ತಲೆನೋವಿನಿಂದ ಮನೆಯಲ್ಲೇ ಉಳಿದಿದ್ದಾಗ, ಊಟದ ಮೇಜಿನ ಮೇಲೆ ಮೆತ್ತಗಾಗಿ ಹರಿಯುತ್ತಿದ್ದ ಚೀಸನ್ನು ದಿಟ್ಟಿಸುತ್ತಾ ಕುಳಿತವರಿಗೆ ಗಡಿಯಾರಗಳು ಹಾಗೆಯೇ ಕರಗಿದಂತೆ ತೋರಿತಂತೆ. ಈ ಚಿತ್ರದ ಅಳತೆ ಕೇವಲ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. 1934ರಿಂದ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಕನಸನ್ನು ಹಿಡಿಯಲು ಅವರು ಒಂದು ಉಪಾಯವನ್ನೂ ಕಂಡುಕೊಂಡಿದ್ದರು. ಮಧ್ಯಾಹ್ನ ಕುರ್ಚಿಯಲ್ಲಿ ಒರಗಿ ಕುಳಿತು, ಭಾರವಾದ ಬೀಗದ ಕೈಯನ್ನು ಎರಡು ಬೆರಳುಗಳ ನಡುವೆ ಹಿಡಿದು, ಅದರ ಕೆಳಗೆ ನೆಲದ ಮೇಲೆ ತಟ್ಟೆಯೊಂದನ್ನು ಕವುಚಿ ಇಡುತ್ತಿದ್ದರು. ನಿದ್ದೆ ಹತ್ತುತ್ತಿದ್ದಂತೆ ಬೆರಳು ಸಡಿಲಿ, ಬೀಗದ ಕೈ ತಟ್ಟೆಯ ಮೇಲೆ ಬಿದ್ದು ಸದ್ದಾಗುತ್ತಿತ್ತು. ಎಚ್ಚರವಾದ ಆ ಕ್ಷಣದಲ್ಲಿ ಕಣ್ಣ ಮುಂದೆ ಉಳಿದಿದ್ದ ದೃಶ್ಯವನ್ನು ಚಿತ್ರಕ್ಕೆ ಬಳಸುತ್ತಿದ್ದರು. 1948ರಲ್ಲಿ ಪ್ರಕಟವಾದ ತಮ್ಮ ಚಿತ್ರಕಲಾ ಗ್ರಂಥದಲ್ಲಿ ಈ ವಿಧಾನವನ್ನು ಅವರೇ ವಿವರಿಸಿದ್ದಾರೆ.

1938ರ ಜುಲೈಯಲ್ಲಿ ಅವರು ಲಂಡನ್ನಿನಲ್ಲಿ ವೃದ್ಧ ಫ್ರಾಯ್ಡರನ್ನು ಭೇಟಿಯಾಗಿ ತಮ್ಮ ಚಿತ್ರವೊಂದನ್ನು ತೋರಿಸಿದರು. ಫ್ರಾಯ್ಡರು ಈ ತರುಣನ ಕೈಚಳಕವನ್ನು ಮೆಚ್ಚಿಕೊಂಡರು. ಯುದ್ಧಕಾಲದಲ್ಲಿ, 1940ರಲ್ಲಿ, ಡಾಲಿ ದಂಪತಿಗಳು ಅಮೆರಿಕಕ್ಕೆ ಹೋದರು. ಅಲ್ಲಿ ಹಣ, ಕೀರ್ತಿ ಎರಡೂ ಹರಿದು ಬಂದವು. ಆದರೂ 1942ರ ತಮ್ಮ ಆತ್ಮಕಥೆಯ ಕೊನೆಯಲ್ಲಿ ಡಾಲಿಯವರು ಬೇರೆಯೇ ಮಾತನ್ನು ದಾಖಲಿಸಿದರು. ಸ್ವರ್ಗವು ವಿಶ್ವಾಸವುಳ್ಳವನ ಎದೆಯಲ್ಲಿದೆಯೆಂದೂ, ತನಗೆ ಆ ವಿಶ್ವಾಸ ಇನ್ನೂ ದೊರೆತಿಲ್ಲವೆಂದೂ, ಸ್ವರ್ಗವಿಲ್ಲದೆಯೇ ಸತ್ತೇನೋ ಎಂಬ ಅಂಜಿಕೆ ತನಗಿದೆಯೆಂದೂ ಅವರು ಒಪ್ಪಿಕೊಂಡರು. ಲೋಕದ ಮುಂದೆ ಮೀಸೆ ತಿರುವಿ ಮೆರೆದವರ ಒಳಗೆ ಎಂತಹ ಬರಿದಾದ ಜಾಗವಿತ್ತೆಂಬುದು ಇದರಿಂದ ತಿಳಿಯುತ್ತದೆ.

1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದ ಸುದ್ದಿ ಅವರನ್ನು ನಡುಗಿಸಿತು. ಗಟ್ಟಿಯೆಂದು ನಂಬಿದ್ದ ವಸ್ತುವೆಲ್ಲ ಪರಮಾಣುಗಳ ಓಟವೇ ಆಗಿದ್ದರೆ, ಅವುಗಳನ್ನು ಒಟ್ಟಿಗೆ ಹಿಡಿದಿರುವ ಶಕ್ತಿ ಯಾವುದು ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. 1948ರಲ್ಲಿ ಸ್ಪೇನಿಗೆ ಮರಳಿದರು. 1949ರ ನವೆಂಬರ್ 23ರಂದು ರೋಮಿನಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರ ದರ್ಶನ ಪಡೆದು, ಪೋರ್ಟ್ ಲಿಗಾತ್ ಕೊಲ್ಲಿಯ ಹಿನ್ನೆಲೆಯಲ್ಲಿ ತಾವು ರಚಿಸಿದ್ದ ಮರಿಯ ಮಾತೆಯ ಚಿತ್ರವನ್ನು ತೋರಿಸಿದರು.

ಮರುವರ್ಷ ಅವರಿಗೊಂದು ಕನಸು ಬಿತ್ತು. ಅದರಲ್ಲಿ ಬಣ್ಣಬಣ್ಣವಾಗಿ ಕಂಡ ಆಕಾರವೊಂದು ಪರಮಾಣುವಿನ ಬೀಜದಂತೆ ತೋರಿತು. ವಿಶ್ವವನ್ನೆಲ್ಲ ಒಂದುಗೂಡಿಸುವ ಆ ಕೇಂದ್ರ ಕ್ರಿಸ್ತನೇ ಎಂದು ಅವರು ಬಗೆದರು. ಇದೇ ಸಮಯದಲ್ಲಿ ಬ್ರೂನೋ ಎಂಬ ಕಾರ್ಮೆಲ್ ಸಭೆಯ ಗುರುಗಳ ಮೂಲಕ ಅವರಿಗೆ ಒಂದು ಪುಟ್ಟ ರೇಖಾಚಿತ್ರದ ಪರಿಚಯವಾಯಿತು. ಅದನ್ನು ಬರೆದವರು ಹದಿನಾರನೆಯ ಶತಮಾನದ ಮಹಾಯೋಗಿ, ಧರ್ಮಸಭೆಯ ಪಂಡಿತರೆಂದು ಗೌರವಿಸಲ್ಪಟ್ಟ ಶಿಲುಬೆಯ ಸಂತ ಯೊವಾನ್ನರು. 1574 ಮತ್ತು 1577ರ ನಡುವೆ ಆವಿಲಾದ ಕನ್ಯಾಮಠದಲ್ಲಿ ಪ್ರಾರ್ಥಿಸುತ್ತಿದ್ದಾಗ ಶಿಲುಬೆಗೇರಿದ ಯೇಸುವನ್ನು ಮೇಲಿನಿಂದ ಇಳಿನೋಟದಲ್ಲಿ ಕಂಡು, ಕೈಗೆ ಸಿಕ್ಕ ಕಾಗದದ ಚೂರಿನ ಮೇಲೆ ಅದನ್ನು ಗೀಚಿ, ಮಠದ ಕನ್ಯಾಸ್ತ್ರೀಯೊಬ್ಬರಿಗೆ ಕೊಟ್ಟಿದ್ದರು. ನಮ್ಮ ಅಂಗೈಗಿಂತಲೂ ಚಿಕ್ಕದಾದ ಆ ಕಾಗದವನ್ನು ಆವಿಲಾದಲ್ಲಿ ಭಕ್ತಿಯಿಂದ ಕಾಪಾಡಿಕೊಂಡು ಬರಲಾಗಿದೆ.

ಡಾಲಿಯವರು ತಮ್ಮ ಕನಸನ್ನು ಸಂತರ ದರ್ಶನದ ಪಕ್ಕದಲ್ಲಿಟ್ಟು ಕೆಲಸಕ್ಕೆ ತೊಡಗಿದರು. ತ್ರಿಕೋನ ಮತ್ತು ವೃತ್ತದ ಲೆಕ್ಕಾಚಾರದ ಮೇಲೆ ಚಿತ್ರದ ರಚನೆಯನ್ನು ನಿರ್ಧರಿಸಿದರು. ತೂಗುವ ದೇಹದ ಮೇಲೆ ಭಾರವು ಹೇಗೆ ಎಳೆಯುತ್ತದೆಂದು ತಿಳಿಯಲು, ಹಾಲಿವುಡ್ಡಿನ ಸಾಹಸ ಕಲಾವಿದರೊಬ್ಬರನ್ನು ಎತ್ತರದಿಂದ ತೂಗುಹಾಕಿಸಿ ಅಭ್ಯಾಸ ಮಾಡಿದರು. ಮೊಳೆ, ರಕ್ತ, ಮುಳ್ಳಿನ ಕಿರೀಟಗಳು ಬೇಡವೆಂಬುದೂ ಕನಸಿನಿಂದಲೇ ತಮಗೆ ಮನವರಿಕೆಯಾಯಿತೆಂದು ಅವರು ಹೇಳಿದರು. 1951ರಲ್ಲಿ ಪೂರ್ಣಗೊಂಡ ಈ ಚಿತ್ರದಲ್ಲಿ ಕತ್ತಲೆಯ ಆಕಾಶದಲ್ಲಿ ಪ್ರಭು ಶಿಲುಬೆಯ ಮೇಲಿಂದ ಲೋಕದತ್ತ ಬಾಗಿದ್ದಾರೆ. ಅವರ ಮುಖ ನಮಗೆ ಕಾಣುವುದಿಲ್ಲ. ಕೆಳಗೆ ಅದೇ ಪೋರ್ಟ್ ಲಿಗಾತಿನ ಕೊಲ್ಲಿ, ಒಂದು ದೋಣಿ, ತಮ್ಮ ಪಾಡಿಗೆ ಕೆಲಸದಲ್ಲಿರುವ ಬೆಸ್ತರು.

ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರ ಇದನ್ನು 1952ರಲ್ಲಿ 8,200 ಪೌಂಡುಗಳಿಗೆ ಕೊಂಡಿತು. ಇಷ್ಟು ಹಣವೇ ಎಂದು ಅಲ್ಲಿಯ ಕಲಾವಿದ್ಯಾರ್ಥಿಗಳು ಪ್ರತಿಭಟಿಸಿದರು. 1961ರಲ್ಲಿ ಒಬ್ಬ ಸಂದರ್ಶಕ ಚಿತ್ರಪಟವನ್ನು ಹರಿದುಹಾಕಿದ. ತಿಂಗಳುಗಟ್ಟಲೆ ಶ್ರಮಿಸಿ ಅದನ್ನು ಸರಿಪಡಿಸಲಾಯಿತು. ಅಂದಿನಿಂದ ಇಂದಿನವರೆಗೂ ಜನ ಅದರ ಮುಂದೆ ಮೌನವಾಗಿ ನಿಲ್ಲುತ್ತಲೇ ಇದ್ದಾರೆ.

ಹಾಗಾದರೆ ಡಾಲಿಯವರು ಸಂತರಾದರೇ? ಹಾಗೆ ಹೇಳಲು ಬಾರದು. 1958ರ ಆಗಸ್ಟ್ 8ರಂದು, ಎಲ್ಯುವಾರರು ತೀರಿಕೊಂಡು ಸುಮಾರು ಆರು ವರ್ಷಗಳಾದ ಮೇಲೆ, ಡಾಲಿ ಮತ್ತು ಗಾಲಾ ಜಿರೋನಾ ಬಳಿಯ ಪುಣ್ಯಕ್ಷೇತ್ರವೊಂದರಲ್ಲಿ ಧರ್ಮಸಭೆಯ ವಿಧಿಯಂತೆ ವಿವಾಹ ಸಂಸ್ಕಾರ ಪಡೆದರು. ಆದರೆ ಅವರ ಹಣದಾಸೆ, ಪ್ರಚಾರದ ಹುಚ್ಚು, ಸರ್ವಾಧಿಕಾರಿ ಫ್ರಾಂಕೊ ಅವರ ಪ್ರಶಂಸೆ, ಬರಿಯ ಹಾಳೆಗಳಿಗೆ ಸಹಿ ಹಾಕಿ ಮಾರಿದ ಅಪವಾದ ಇವೆಲ್ಲ ಕೊನೆಯವರೆಗೂ ಉಳಿದವು. ದೇವರಿದ್ದಾನೆಂದು ಬುದ್ಧಿ ಹೇಳುತ್ತದೆ, ವಿಶ್ವಾಸ ಮಾತ್ರ ಒದಗುತ್ತಿಲ್ಲ ಎಂಬ ಕೊರಗನ್ನು ಅವರು ಆಮೇಲೂ ತೋಡಿಕೊಂಡರು. 1982ರಲ್ಲಿ ಗಾಲಾ ತೀರಿಕೊಂಡ ಮೇಲೆ ಅವರ ಬದುಕು ಬಾಡಿತು. 1989ರ ಜನವರಿ 23ರಂದು ಫಿಗೆರಸ್ಸಿನಲ್ಲಿ ನಿಧನರಾದರು. ಜ್ಞಾನಸ್ನಾನ ಪಡೆದ ಅದೇ ದೇವಾಲಯದಲ್ಲಿ ಅವರ ಅಂತ್ಯವಿಧಿ ನಡೆಯಿತು. ರಸ್ತೆಯ ಆಚೆ ಬದಿಯಲ್ಲಿ, ತಾವೇ ಕಟ್ಟಿಸಿದ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಅವರು ಮಲಗಿದ್ದಾರೆ. ಅವರ ಅಂತರಂಗವನ್ನು ಬಲ್ಲವನು ದೇವರೊಬ್ಬನೇ. ತೀರ್ಪು ಕೊಡುವ ಕೆಲಸ ನಮ್ಮದಲ್ಲ.

ಆದರೆ ಈ ಬಾಳಿನಿಂದ ನಾವು ಕಲಿಯಬೇಕಾದುದೊಂದಿದೆ. ತನ್ನ ಕನಸಿನಲ್ಲಿ ತನ್ನನ್ನೇ ನೋಡಿಕೊಂಡಷ್ಟು ಕಾಲ ಡಾಲಿಯವರ ಚಿತ್ರಗಳು ನೋಡುವವರನ್ನು ಬೆಚ್ಚಿಬೀಳಿಸಿದವು, ಒಮ್ಮೊಮ್ಮೆ ನೋಯಿಸಿದವು. ಅದೇ ಕನಸನ್ನು ಒಬ್ಬ ಸಂತನ ಪ್ರಾರ್ಥನೆಯೊಂದಿಗೆ ಹೋಲಿಸಿ, ತಾಳ್ಮೆಯಿಂದ ದುಡಿದಾಗ, ಅದು ಪರರಿಗೂ ಪ್ರಾರ್ಥನೆಯ ಸಾಧನವಾಯಿತು. ದರ್ಶನ ಪಡೆದ ಸಂತ ಯೊವಾನ್ನರೇ ತಮ್ಮ ಬರಹಗಳಲ್ಲಿ, ದರ್ಶನಗಳಿಗೆ ಅಂಟಿಕೊಳ್ಳಬೇಡಿ, ವಿಶ್ವಾಸದ ದಾರಿಯಲ್ಲಿ ಮುಂದೆ ನಡೆಯಿರಿ ಎಂಬ ಅರ್ಥದ ಬುದ್ಧಿವಾದ ಹೇಳಿದ್ದಾರೆ. ಸಂತ ಜೋಸೆಫರಿಗೂ ದೇವರ ಚಿತ್ತ ಕನಸಿನಲ್ಲಿಯೇ ತಿಳಿಯಿತು. ಅವರು ಆ ಕನಸನ್ನು ಕುರಿತು ಯಾರಲ್ಲಿಯೂ ಕೊಚ್ಚಿಕೊಳ್ಳದೆ, ಎದ್ದು, ಹೇಳಿದ ಕೆಲಸವನ್ನು ಮಾಡಿದರು. ನಮ್ಮ ಮಕ್ಕಳು ತಮ್ಮ ಕನಸುಗಳನ್ನು ನಮ್ಮೊಡನೆ ಹೇಳಿಕೊಂಡಾಗ ನಕ್ಕು ತಳ್ಳಿಹಾಕದೆ, ಆ ಕನಸಿಗೆ ದುಡಿಮೆಯನ್ನೂ ಪ್ರಾರ್ಥನೆಯನ್ನೂ ಜೊತೆಗೂಡಿಸಲು ನಾವು ಕಲಿಸೋಣ.